ಮಕ್ಕಳ ಸುಟ್ಟಗಾಯದ ಕಲೆಗೆ ಗಿಡಮೂಲಿಕೆಯ ಕ್ರೀಮ್: ಯಾವಾಗ, ಯಾವುದು, ಹೇಗೆ

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಮಕ್ಕಳು ಸುಟ್ಟುಕೊಳ್ಳುವ ಸಂದರ್ಭಗಳು ಎಲ್ಲರಿಗೂ ಗೊತ್ತಿರುವಂಥವೇ. ಬಚ್ಚಲುಮನೆಯ ಹಂಡೆಯಿಂದ ತೋಡಿಟ್ಟ ಕುದಿನೀರು, ಜಗಲಿಯ ಅಂಚಿನಲ್ಲಿಟ್ಟ ಕಾಫಿ ಲೋಟ, ಬಸಿದಿಟ್ಟ ಗಂಜಿ, ಕೊಪ್ಪ, ಶೃಂಗೇರಿಯ ಕಡೆ ಅಡಿಕೆ ಬೇಯಿಸುವ ದಿನಗಳಲ್ಲಿ ಅಂಗಳದ ಒಲೆ, ಆಗ ತಾನೇ ನಿಲ್ಲಿಸಿದ ಬೈಕಿನ ಸೈಲೆನ್ಸರ್. ಮಗು ಚೀರಿದ ಕೂಡಲೇ ಮನೆಯಲ್ಲಿ ಒಬ್ಬರು ಅರಿಶಿನದ ಡಬ್ಬಿಗೆ, ಇನ್ನೊಬ್ಬರು ಹಿತ್ತಲಿನ ಲೋಳೆಸರಕ್ಕೆ, ಮತ್ತೊಬ್ಬರು ಟೂತ್‌ಪೇಸ್ಟಿಗೆ ಓಡುತ್ತಾರೆ. ಗಿಡಮೂಲಿಕೆಯ ಕ್ರೀಮಿಗೆ ಸುಟ್ಟಗಾಯದ ಆರೈಕೆಯಲ್ಲಿ ಸ್ಥಾನವಿಲ್ಲವೆಂದಲ್ಲ. ಆದರೆ ಆ ಸ್ಥಾನ ಗಾಯದ ಚರ್ಮ ಪೂರ್ತಿಯಾಗಿ ಮುಚ್ಚಿಕೊಂಡ ಮೇಲಿನದು, ಮತ್ತು ಅಲ್ಲಿಯೂ ಕೆಲಸದ ದೊಡ್ಡ ಪಾಲು ಎಲೆಯ ರಸಕ್ಕಿಂತ ಹಚ್ಚುವ ಕೈಯದು. ತಾಯಂದಿರು, ಅಜ್ಜಿಯರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಮೊದಲ ಕೆಲಸ ನೀರಿನದು

ಸುಟ್ಟ ಕೂಡಲೇ ಗಾಯದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ನಲ್ಲಿಯಿಲ್ಲದ ಕಡೆ ಚೊಂಬಿನಿಂದ ಸಣ್ಣಗೆ ಹೊಯ್ಯುತ್ತಿದ್ದರೂ ಆಗುತ್ತದೆ. ಗಾಬರಿಯಲ್ಲಿ ಮರೆತುಹೋಗಿದ್ದರೂ ಸುಟ್ಟು 3 ಗಂಟೆಯೊಳಗೆ ಹೀಗೆ ತಣಿಸಿದರೆ ಪ್ರಯೋಜನವಿದೆ, ಏಕೆಂದರೆ ಬಿಸಿ ತಾಗುವುದು ನಿಂತ ಮೇಲೂ ಚರ್ಮದೊಳಗಿನ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಮಂಜುಗಡ್ಡೆ ಇಡಬಾರದು, ಅದು ರಕ್ತನಾಳಗಳನ್ನು ಮುದುಡಿಸಿ ಗಾಯವನ್ನು ಇನ್ನಷ್ಟು ಆಳಕ್ಕಿಳಿಸುತ್ತದೆ. ಜನವರಿಯ ಚಳಿಯಲ್ಲಿ ಚಿಕ್ಕಮಗಳೂರಿನ ತೊಟ್ಟಿಯ ನೀರು ಕೊರೆಯುವಂತಿರುವಾಗ ನೀರು ಗಾಯಕ್ಕಷ್ಟೇ ತಾಗಲಿ, ಮಗುವಿನ ಉಳಿದ ಮೈಯನ್ನು ಕಂಬಳಿಯಲ್ಲಿ ಸುತ್ತಿ ಬೆಚ್ಚಗಿಡಿ. ಬಳೆ, ಕಾಲ್ಗೆಜ್ಜೆ, ಉಡಿದಾರ, ಕುದಿನೀರು ಹೀರಿಕೊಂಡ ಬಟ್ಟೆ, ಡಯಾಪರ್ ಇವನ್ನೆಲ್ಲ ಊತ ಬರುವ ಮೊದಲೇ ತೆಗೆಯಬೇಕು. ಚರ್ಮಕ್ಕೆ ಅಂಟಿಕೊಂಡಿರುವ ಬಟ್ಟೆಯನ್ನು ಮಾತ್ರ ಎಳೆಯದೆ ಸುತ್ತಲೂ ಕತ್ತರಿಸಿ ಬಿಡಿ. ಆಮೇಲೆ ಒಗೆದ ಹತ್ತಿಬಟ್ಟೆಯನ್ನು ಸಡಿಲವಾಗಿ ಹೊದಿಸಿದರೆ ಮನೆಯ ಕೆಲಸ ಮುಗಿಯಿತು.

ವೈದ್ಯರಲ್ಲಿಗೆ ಒಯ್ಯಬೇಕಾದ ಗಾಯ ಯಾವುದು ಎಂಬುದಕ್ಕೆ ಮಗುವಿನ ಸ್ವಂತ ಅಂಗೈಯೇ ಅಳತೆ. ಬೆರಳುಗಳೂ ಸೇರಿದಂತೆ ಅಂಗೈಯ ವಿಸ್ತಾರ ಮೈಯ ಚರ್ಮದ ಸುಮಾರು ನೂರರಲ್ಲಿ ಒಂದು ಪಾಲು. ಅದಕ್ಕಿಂತ ದೊಡ್ಡ ಗಾಯ, ಮುಖ, ಕೈ, ಪಾದ, ಗುಪ್ತಾಂಗ ಅಥವಾ ಕೀಲಿನ ಮೇಲಿನ ಗಾಯ, ಕೈಕಾಲನ್ನು ಸುತ್ತುವರಿದ ಗಾಯ, ವಿದ್ಯುತ್ ಅಥವಾ ಆಸಿಡ್ ತಾಗಿ ಆದದ್ದು, ನೀರುಗುಳ್ಳೆ ಎದ್ದಿರುವುದು, ಒಂದು ವರ್ಷದೊಳಗಿನ ಕೂಸಿಗೆ ಆದ ಯಾವುದೇ ಸುಟ್ಟಗಾಯ, ಇವನ್ನೆಲ್ಲ ಅದೇ ದಿನ ತೋರಿಸಬೇಕು. ಬಿಳಿಚಿಕೊಂಡು ಅಥವಾ ಕರಕಾಗಿ ಚರ್ಮ ಗಡುಸಾಗಿದ್ದು, ಮಗು ಅಲ್ಲಿ ನೋವೇ ಇಲ್ಲವೆನ್ನುತ್ತಿದ್ದರೆ ಸಮಾಧಾನಪಡಬೇಡಿ. ನೋವು ತಿಳಿಸುವ ನರಗಳೇ ಸುಟ್ಟಿರುವ ಆಳದ ಗಾಯದ ಲಕ್ಷಣವದು. ದೂರದ ತೋಟದಲ್ಲಿದ್ದರೆ 108ಕ್ಕೆ ಕರೆ ಮಾಡಿ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿಂದಾಗಲಿ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಿಂದಾಗಲಿ ಮುಂದಕ್ಕೆ ಕಳಿಸಬೇಕಾಗಿ ಬಂದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಇರುವ ಮಹಾಬೋಧಿ ಕೇಂದ್ರವಿದೆ. ಮಗುವಿನ ಲಸಿಕೆಯ ಕಾರ್ಡನ್ನೂ ಕೈಯಲ್ಲಿ ಹಿಡಿದು ಹೋಗಿ. ಧನುರ್ವಾಯು ಲಸಿಕೆ ಆಗಿದೆಯೇ ಎಂದು ಕೇಳಿಯೇ ಕೇಳುತ್ತಾರೆ.

ಹಸಿಗಾಯಕ್ಕೆ ಅರಿಶಿನ ಹಾಕಬೇಡಿ ಎನ್ನುವಾಗ ಹಿರಿಯರಿಗೆ ಬೇಸರವಾಗುತ್ತದೆ. ಅರಿಶಿನದಲ್ಲಿ ಗುಣವಿಲ್ಲವೆಂದು ಯಾರೂ ಹೇಳುತ್ತಿಲ್ಲ. ಹಳದಿ ಬಣ್ಣದ ಕೆಳಗೆ ಗಾಯ ಕೆಂಪಗಿದೆಯೋ ಬಿಳಿಚಿದೆಯೋ ಎಂಬುದು ವೈದ್ಯರಿಗೆ ಕಾಣುವುದಿಲ್ಲ, ಆಳವನ್ನು ಅಳೆಯಲು ಅವರಿಗಿರುವ ಮುಖ್ಯ ಸಾಧನವೇ ಆ ಬಣ್ಣ. ಅಂಟಿಕೊಂಡ ಪುಡಿಯನ್ನು ಉಜ್ಜಿ ತೆಗೆಯುವಾಗ ಮಗು ಎರಡನೆಯ ಸಲ ನರಳುತ್ತದೆ. ಸಾಲದೆಂಬಂತೆ, ಪೇಟೆಯ ಅರಿಶಿನಕ್ಕೆ ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ನಮ್ಮ ದೇಶದಲ್ಲಿಯೇ ಪತ್ತೆಯಾಗಿದೆ. ಬೆಣ್ಣೆ, ಮೊಟ್ಟೆಯ ಬಿಳಿ, ಇಂಕು, ಕಾಫಿಪುಡಿ, ಟೂತ್‌ಪೇಸ್ಟ್ ಇವುಗಳ ಬಗ್ಗೆ ವಿವರಿಸಿ ಹೇಳುವ ಅಗತ್ಯವಿಲ್ಲ, ಬೇಡ ಅಷ್ಟೇ.

ಗಿಡದ ವಸ್ತುವನ್ನು ಹಸಿಗಾಯದ ಮೇಲೆ ಬಳಸಿಯೇ ಇಲ್ಲವೇ ಎಂದು ಕೇಳಿದರೆ, ಬಳಸಿದ್ದಾರೆ. ಮುಂಬೈಯ ವೈದ್ಯರು 1980ರ ದಶಕದಲ್ಲಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಸುಟ್ಟಗಾಯದ ಹೊದಿಕೆಯಾಗಿ ಪ್ರಯೋಗಿಸಿ ನೋಡಿದರು, ಮುಂದೆ ಬಾಳೆ ಎಲೆಯನ್ನೂ ಅದೇ ರೀತಿ ಬಳಸಿದರು. ಎರಡೂ ಗಾಯಕ್ಕೆ ಅಂಟಿಕೊಳ್ಳದೆ, ಬಿಚ್ಚುವಾಗ ನೋಯಿಸದೆ ಬರುತ್ತಿದ್ದವು. ಆಲೂಗಡ್ಡೆಯ ಬೆಳೆಗೆ ಹೆಸರಾದ ಹಾಸನದವರಿಗೆ ಇದು ಹೆಮ್ಮೆಯ ಸುದ್ದಿಯೇ. ಆದರೆ ಅವನ್ನು ಆಸ್ಪತ್ರೆಯಲ್ಲಿ ಕ್ರಿಮಿಶುದ್ಧಗೊಳಿಸಿ ಬಳಸಲಾಗಿತ್ತು, ತೋಟದಿಂದ ಕಿತ್ತು ತಂದು ನೇರವಾಗಿ ಹೊದಿಸಿರಲಿಲ್ಲ ಎಂಬುದನ್ನು ಮರೆಯಬಾರದು.

ಗಾಯ ಮುಚ್ಚಿತೇ ಎಂದು ತಿಳಿಯುವುದು

ಮೇಲ್ಪದರ ಮಾತ್ರ ಕೆಂಪಾದ ಗಾಯ ಒಂದು ವಾರದೊಳಗೆ, ಗುಳ್ಳೆ ಎದ್ದ ತೆಳು ಗಾಯ ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತದೆ. ಎರಡು ಮೂರು ವಾರ ದಾಟಿಯೂ ಮುಚ್ಚದ ಗಾಯದಲ್ಲಿ ಉಬ್ಬುಕಲೆ ಏಳುವ ಸಂಭವ ಹೆಚ್ಚು, ಅಂಥದ್ದಕ್ಕೆ ಚರ್ಮದ ಕಸಿ ಬೇಕಾಗಬಹುದು. ಆದ್ದರಿಂದ ಎರಡು ವಾರವಾದರೂ ಹಸಿಯಾಗಿರುವ ಗಾಯಕ್ಕೆ ಇನ್ನೊಂದು ಮುಲಾಮು ಹುಡುಕುತ್ತಾ ಕೂರದೆ ತಜ್ಞರಿಗೆ ತೋರಿಸಬೇಕು. ಅಲ್ಲಿಯವರೆಗೆ ಡ್ರೆಸ್ಸಿಂಗ್ ವೈದ್ಯರು ಹೇಳಿದಂತೆಯೇ ನಡೆಯಲಿ. ಮನೆಯಲ್ಲಿ ಉಳಿದಿರುವ ಬಿಳಿಯ ಬೆಳ್ಳಿಯ ಮುಲಾಮನ್ನು, ಎಂದರೆ ಸಿಲ್ವರ್ ಸಲ್ಫಾಡಯಾಜಿನ್ ಅನ್ನು, ತಾವಾಗಿಯೇ ಹಚ್ಚಬಾರದು. ಎರಡು ತಿಂಗಳೊಳಗಿನ ಕೂಸಿಗಂತೂ ಅದು ನಿಷಿದ್ಧ.

ಮುಚ್ಚಿದೆಯೇ ಎಂದು ನೋಡುವ ಸುಲಭ ಕ್ರಮವೊಂದಿದೆ. ಕೈ ತೊಳೆದುಕೊಂಡು, ಒಗೆದ ಬಿಳಿಯ ಹತ್ತಿಬಟ್ಟೆಯ ತುಂಡನ್ನು ಗಾಯದ ಮೇಲೆ ಮೆತ್ತಗೆ ಒತ್ತಿ ಹಿಡಿದು ತೆಗೆಯಿರಿ. ಬಟ್ಟೆಗೆ ತೇವವಾಗಲಿ, ಹಳದಿ ಕಲೆಯಾಗಲಿ, ರಕ್ತದ ಚುಕ್ಕೆಯಾಗಲಿ ತಾಗದೆ, ಎಲ್ಲಿಯೂ ಹಕ್ಕಳೆ ಉಳಿಯದೆ, ಚರ್ಮ ಗುಲಾಬಿ ಬಣ್ಣದಲ್ಲಿ ಒಣಗಿ ನಯವಾಗಿ ಕಂಡರೆ ಮುಚ್ಚಿದೆಯೆಂದು ಅರ್ಥ. ಹಕ್ಕಳೆ ಒಂದು ಮೂಲೆಯಲ್ಲಿ ಉಳಿದಿದ್ದರೆ ಅದಾಗಿಯೇ ಉದುರುವವರೆಗೆ ಕಾಯಬೇಕು, ಉಗುರು ಹಾಕಬಾರದು.

ಯಾವ ಗಿಡ, ಎಷ್ಟು ನಂಬಿಕೆ

ಮಲೆನಾಡಿನವರಿಗೆ ಹತ್ತಿರದ ಹೆಸರಿನಿಂದಲೇ ಆರಂಭಿಸೋಣ. ಅಡಿಕೆ ತೋಟದ ಕಾಲುವೆಯ ಬದಿಯಲ್ಲಿ ಹರಡಿ, ನಾವು ತಂಬುಳಿ ಮಾಡಿ ಉಣ್ಣುವ ಒಂದೆಲಗವೇ ಕಲೆಯ ಕ್ರೀಮುಗಳಲ್ಲಿ ಹೆಚ್ಚಾಗಿ ಕಾಣುವ ಗಿಡ. ಲೇಬಲ್ಲಿನಲ್ಲಿ ಅದರ ಹೆಸರು ಸೆಂಟೆಲ್ಲಾ ಏಷಿಯಾಟಿಕಾ ಅಥವಾ ಮಂಡೂಕಪರ್ಣಿ ಎಂದಿರುತ್ತದೆ. ಅದರಲ್ಲಿರುವ ಏಷಿಯಾಟಿಕೋಸೈಡ್, ಮೇಡಕಾಸೋಸೈಡ್ ಎಂಬ ಅಂಶಗಳು ಗಾಯ ಮಾಯುವಾಗ ಕೊಲಾಜನ್, ಎಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ನಾರಿನಂಥ ಪ್ರೋಟೀನು, ಕಟ್ಟಿಕೊಳ್ಳುವ ಕ್ರಿಯೆಯ ಮೇಲೆ ಪರಿಣಾಮ ಬೀರುತ್ತವೆ. ಅಧ್ಯಯನಗಳು ಚಿಕ್ಕವು, ಮಕ್ಕಳ ಮೇಲೆ ನಡೆದವು ಇನ್ನೂ ಕಡಿಮೆ, ಆದರೂ ಗಿಡಮೂಲದ ಕಲೆಯ ಕ್ರೀಮೊಂದನ್ನು ಆರಿಸಲೇಬೇಕೆಂದರೆ ನಾನು ಮೊದಲು ನೋಡುವುದು ಇದನ್ನೇ. ಲೇಬಲ್ಲಿನಲ್ಲಿ ಬರೀ ‘ಬ್ರಾಹ್ಮಿ’ ಎಂದು ಬರೆದಿದ್ದರೆ ಅದು ಒಂದೆಲಗವೂ ಆಗಬಹುದು, ನೀರುಬ್ರಾಹ್ಮಿ ಎಂಬ ಬೇರೆಯೇ ಗಿಡವೂ ಆಗಬಹುದು. ಸಸ್ಯಶಾಸ್ತ್ರೀಯ ಹೆಸರನ್ನು ಓದಿ. ತೋಟದ ಒಂದೆಲಗವನ್ನು ಅರೆದು ಹಚ್ಚುವುದು ಮಾತ್ರ ಬೇಡ. ಹಸಿ ಎಲೆಯೊಂದಿಗೆ ಕಾಲುವೆಯ ಮಣ್ಣೂ, ಸಿಂಪಡಿಸಿದ ಔಷಧಿಯೂ ಬರುತ್ತದೆ, ಕೆಲವರ ಚರ್ಮಕ್ಕೆ ಈ ಗಿಡವೇ ಅಲರ್ಜಿ.

ಲೋಳೆಸರದ ಬಗ್ಗೆ ತುಸು ಭರವಸೆಯ ಮಾತು ಹೇಳಬಹುದು. ತೆಳುವಾದ ಸುಟ್ಟಗಾಯ ಬೇಗ ಮಾಯಲು ಅದು ನೆರವಾಗುತ್ತದೆಂದು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಉಬ್ಬಿದ ಹಳೆಯ ಕಲೆಯನ್ನು ಅದು ಇಳಿಸುತ್ತದೆ ಎನ್ನಲು ಅಷ್ಟು ಆಧಾರವಿಲ್ಲ. ತೇವ ಕೊಡುವುದರಲ್ಲಿ, ತುರಿಕೆಯನ್ನು ತಣಿಸುವುದರಲ್ಲಿ ಅದು ಉಪಯುಕ್ತ. ಹಿತ್ತಲಿನ ಎಲೆಯನ್ನೇ ಬಳಸುವವರು ಕೊಯ್ದ ಎಲೆಯನ್ನು ಬುಡ ಕೆಳಗಾಗಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಸಿಪ್ಪೆಯ ಕೆಳಗಿನಿಂದ ಇಳಿಯುವ ಹಳದಿ ರಸವನ್ನು ಪೂರ್ತಿ ಬಸಿದು, ತೊಳೆದು, ಒಳಗಿನ ಪಾರದರ್ಶಕ ತಿರುಳನ್ನು ಮಾತ್ರ ತೆಗೆಯಬೇಕು, ಏಕೆಂದರೆ ಆ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಉಳಿದ ತಿರುಳನ್ನು ಮರುದಿನಕ್ಕೆ ಇಡಬೇಡಿ. ಇದೂ ಮುಚ್ಚಿದ ಚರ್ಮಕ್ಕೆ ಮಾತ್ರ.

ಕ್ಯಾಲೆಂಡುಲಾ ಎಂದು ಬರೆದಿರುವ ಕ್ರೀಮುಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಅದು ನಾವು ದಸರಾ, ದೀಪಾವಳಿಗೆ ಮಾಲೆ ಕಟ್ಟುವ ಚೆಂಡುಹೂವಲ್ಲ, ಬೇರೆ ಕುಲದ ಹೂವು. ಎರಡೂ ಸೇವಂತಿಗೆಯ ಕುಟುಂಬಕ್ಕೆ ಸೇರಿದವಾದ್ದರಿಂದ ಸೇವಂತಿಗೆ ಮುಟ್ಟಿದರೆ ಕೈ ತುರಿಸುವ ಮನೆತನದ ಮಕ್ಕಳಿಗೆ ಎಚ್ಚರಿಕೆ ಬೇಕು. ಈರುಳ್ಳಿಯ ಸಾರದ ಜೆಲ್ಲುಗಳನ್ನು ಕಲೆಗೆಂದೇ ಮಾರುತ್ತಾರೆ. ಫಲಿತಾಂಶಗಳು ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ ಎನ್ನುವಂತಿವೆ, ಬೆಲೆ ಮಾತ್ರ ಯಾವಾಗಲೂ ಹೆಚ್ಚು. ಕೊಬ್ಬರಿ ಎಣ್ಣೆ, ಅದರಲ್ಲೂ ಗಾಣದಲ್ಲಿ ತೆಗೆದ ಸುವಾಸನೆ ಬೆರೆಸದ ಎಣ್ಣೆ, ಯಾವ ಔಷಧಿಯ ಹೆಸರನ್ನೂ ಹೊತ್ತುಕೊಳ್ಳದೆ ತೇವ ಹಿಡಿದಿಡುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ದುಬಾರಿ ಟ್ಯೂಬು ಕೊಳ್ಳಲಾಗದ ಮನೆಯವರು ಇದರಿಂದ ಮಗುವಿಗೆ ಅನ್ಯಾಯವಾಯಿತೆಂದು ಕೊರಗಬೇಕಾಗಿಲ್ಲ.

ಆಯುರ್ವೇದದ ಜಾತ್ಯಾದಿ ತೈಲವನ್ನು ಗಾಯಕ್ಕೆಂದು ಬಹಳ ಮಂದಿ ಕೇಳಿ ಕೊಳ್ಳುತ್ತಾರೆ. ಜಾಜಿ, ಬೇವು ಮುಂತಾದ ಎಲೆಗಳ ಹೆಸರುಗಳ ನಡುವೆ ಅದನ್ನು ತಯಾರಿಸುವ ವಸ್ತುಗಳ ಪಟ್ಟಿಯಲ್ಲಿ ತುತ್ಥವೂ ಇದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತೋಟದವರು ತರುವ ಮೈಲುತುತ್ತವೇ ಅದು. ಶಾಸ್ತ್ರದ ಕ್ರಮದಲ್ಲಿ ಶುದ್ಧಿ ಮಾಡಿ ಅಳತೆಯಲ್ಲಿ ಹಾಕಿರುತ್ತಾರೆ ಎಂಬುದು ನಿಜವಾದರೂ, ಮಕ್ಕಳಿಗೆ ವೈದ್ಯರ ಮಾತಿಲ್ಲದೆ ಅದನ್ನು ಹಚ್ಚುವುದು ಸರಿಯಲ್ಲ. ಹಾಸನದ ತಣ್ಣೀರುಹಳ್ಳದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆಯೇ ಇರುವಾಗ ಸಂತೆಯಲ್ಲಿ ಬಾಟಲಿ ಹಿಡಿದು ನಿಂತವರ ಸಲಹೆ ಕೇಳುವ ಅಗತ್ಯವೇನಿದೆ?

ಗಿಡದ್ದಾದ ಮಾತ್ರಕ್ಕೆ ನಿರಪಾಯಕಾರಿ ಎಂದುಕೊಳ್ಳುವಂತಿಲ್ಲ. ಬೆಳ್ಳುಳ್ಳಿಯನ್ನು ಅರೆದು ಕಟ್ಟಿದರೆ ಮಕ್ಕಳ ಚರ್ಮ ಸುಡುತ್ತದೆ. ಕೇರುಬೀಜದ ಎಣ್ಣೆ ತಾಗಿದರೆ ಗುಳ್ಳೆ ಏಳುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಬಿಟ್ಟರೆ ಕಲೆ ಹೋಗುವುದಿರಲಿ, ಹೊಸ ಕಪ್ಪು ಕಲೆ ಮೂಡುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ ಸೇರಿದ ಮುಲಾಮುಗಳು ಚಿಕ್ಕ ಮಕ್ಕಳಿಗೆ ಬೇಡ. ಕರ್ಪೂರ ಮೈಗೆ ಹೆಚ್ಚು ಸೇರಿದರೆ ಫಿಟ್ಸ್ ಬರಬಹುದು. ಬೇವಿನ ಎಣ್ಣೆ ಕೂಸಿನ ಬಾಯಿಗೆ ಹೋದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಬೆರಳು ಚೀಪುವ ವಯಸ್ಸಿನ ಮಗುವಿನ ಕೈಗೆ ಅದನ್ನು ಹಚ್ಚಲೇಬಾರದು.

ಅಂಗಡಿಯಲ್ಲಿ

ಟ್ಯೂಬಿನ ಮೇಲೆ ಪ್ರತಿ ಘಟಕದ ಹೆಸರು ಮತ್ತು ಪ್ರಮಾಣ, ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ವಾಪಸು ಕೊಡಿ. ಸುವಾಸನೆ ಬೆರೆಸದ್ದೇ ಇರಲಿ, ಘಟಕಗಳ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು, ಬೆರಳು ಅದ್ದುವ ಡಬ್ಬಿಗಿಂತ ಹಿಂಡುವ ಟ್ಯೂಬು ಶುಚಿ. ‘ಏಳು ದಿನದಲ್ಲಿ ಕಲೆ ಮಾಯ’ ಎಂಬ ಮಾತು ಕಂಡರೆ ಆ ಕ್ರೀಮನ್ನು ಬಿಟ್ಟುಬಿಡಿ. ಗಿಡಮೂಲಿಕೆಯದೆಂದು ಮಾರಿದ ಕ್ರೀಮುಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿರುವುದು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆಯಿಂದ ಪತ್ತೆಯಾಗಿದೆ, ಅಂಥದ್ದನ್ನು ಹಚ್ಚಿದರೆ ಎರಡು ಮೂರು ದಿನದಲ್ಲೇ ಅಚ್ಚರಿಯ ಗುಣ ಕಂಡು, ಆಮೇಲೆ ಚರ್ಮ ತೆಳ್ಳಗಾಗುತ್ತದೆ. ಬೆಟ್ನೋವೇಟ್ ತರಹದ ಸ್ಟೀರಾಯ್ಡ್ ಕ್ರೀಮನ್ನು ‘ಕಲೆಗೆ ಒಳ್ಳೆಯದು’ ಎಂದು ಕೌಂಟರಿನಲ್ಲಿ ಕೊಡುವವರೂ ಇದ್ದಾರೆ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು.

ಹಚ್ಚುವ ರೀತಿ

ಹೊಸ ಕ್ರೀಮನ್ನು ನೇರವಾಗಿ ಕಲೆಯ ಮೇಲೆ ಹಚ್ಚಬೇಡಿ. ಮುಂಗೈಯ ಒಳಭಾಗದ ಗಾಯವಿಲ್ಲದ ಚರ್ಮದ ಮೇಲೆ ಕಡಲೆಕಾಳಿನಷ್ಟು ಹಚ್ಚಿ ಎರಡು ದಿನ ನೋಡಿ. ಕೆಂಪಾಗದೆ, ತುರಿಸದೆ, ದದ್ದು ಏಳದೆ ಇದ್ದರೆ ಮುಂದುವರಿಯಬಹುದು.

ಈಗ ತಾನೇ ಮುಚ್ಚಿದ ಚರ್ಮ ಬಹಳ ನಾಜೂಕು. ಮೊದಲ ಒಂದೆರಡು ವಾರ ತೆಳುವಾಗಿ ಸವರುವುದಷ್ಟೇ ಸಾಕು, ಉಜ್ಜಿದರೆ ಗುಳ್ಳೆ ಏಳುತ್ತದೆ. ಆಳವಾಗಿ ಸುಟ್ಟ ಜಾಗದಲ್ಲಿ ಎಣ್ಣೆ ಒಸರುವ ಗ್ರಂಥಿಗಳು ನಾಶವಾಗಿರುವುದರಿಂದ ಅದು ತಾನಾಗಿ ತೇವ ಪಡೆಯಲಾರದು, ಹೀಗಾಗಿ ದಿನಕ್ಕೆ ಮೂರು ನಾಲ್ಕು ಸಲ ಹಚ್ಚಬೇಕಾಗುತ್ತದೆ. ಚರ್ಮ ಗಟ್ಟಿಯಾದ ಮೇಲೆ ತಿಕ್ಕುವುದನ್ನು ಆರಂಭಿಸಬೇಕು. ಸ್ನಾನವಾದ ಕೂಡಲೇ, ಹಳೆಯ ಕ್ರೀಮೆಲ್ಲ ಸೌಮ್ಯ ಸೋಪಿನಲ್ಲಿ ಹೋಗಿರುವಾಗ, ಮೈಯನ್ನು ಒತ್ತಿ ಒರೆಸಿ ಇನ್ನೂ ತುಸು ಪಸೆಯಿರುವಾಗಲೇ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಹೆಬ್ಬೆರಳಿನ ತುದಿಯ ಮೆತ್ತನೆಯ ಭಾಗವನ್ನು ಕಲೆಯ ಮೇಲಿಟ್ಟು, ಬಣ್ಣ ಒಂದು ಗಳಿಗೆ ಬಿಳಿಚುವಷ್ಟು ಒತ್ತಿ, ಚರ್ಮದ ಮೇಲೆ ಜಾರದೆ ಚರ್ಮವನ್ನೇ ತನ್ನೊಂದಿಗೆ ಒಯ್ಯುವಂತೆ ಚಿಕ್ಕ ಚಿಕ್ಕ ಸುತ್ತು ಹಾಕಿ. ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಹೀಗೆ ಸಾಗುತ್ತಾ ಐದರಿಂದ ಹತ್ತು ನಿಮಿಷ. ಮಗು ನೋವೆಂದರೆ ಒತ್ತಡ ಇಳಿಸಿ. ಅಜ್ಜಿ ಕತೆ ಹೇಳುವ ಹೊತ್ತಿಗೆ ಇದನ್ನು ಹೊಂದಿಸಿಕೊಂಡರೆ ಮಗು ತಾನಾಗಿಯೇ ಕೈ ಚಾಚುತ್ತದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿದ್ದರೆ ಒಲೆಯ ಮೇಲಿಡದೆ ಅಂಗೈಯಲ್ಲಿಯೇ ಕರಗಿಸಿ. ಹೊಸ ಚರ್ಮಕ್ಕೆ ಬಿಸಿಯ ಅಂದಾಜು ಸರಿಯಾಗಿ ಇರುವುದಿಲ್ಲ.

ತುರಿಕೆ ಮಕ್ಕಳನ್ನು ರಾತ್ರಿ ಹೆಚ್ಚು ಕಾಡುತ್ತದೆ. ಉಗುರು ಕತ್ತರಿಸಿ, ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಇಟ್ಟು ಮತ್ತೆ ಕ್ರೀಮ್ ಹಚ್ಚಿ. ಶಾಲೆಯ ಸ್ವೆಟರಿನ ಒಳಗೆ ಮೆತ್ತನೆಯ ಹತ್ತಿಯ ಅಂಗಿ ಇರಲಿ. ಅದರಿಂದಲೂ ನಿದ್ದೆ ಬಾರದಿದ್ದರೆ ವೈದ್ಯರು ಕೊಡುವ ಔಷಧಿಗಳಿವೆ.

ಬಿಸಿಲಿನ ಮಾತನ್ನು ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹೊಸ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗಿ ಉಳಿದುಬಿಡುತ್ತದೆ, ಮೋಡ ಮುಸುಕಿದ ಮಲೆನಾಡಿನ ದಿನಗಳಲ್ಲಿಯೂ ಅತಿನೇರಳೆ ಕಿರಣಗಳು ಇಳಿಯುತ್ತಲೇ ಇರುತ್ತವೆ. ತುಂಬುತೋಳಿನ ಬಟ್ಟೆ, ಟೋಪಿ ಮೊದಲು. ತೆರೆದಿರುವ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ಹೊರಗಿರುವವರೆಗೆ ಎರಡು ಗಂಟೆಗೊಮ್ಮೆ. ಆರು ತಿಂಗಳೊಳಗಿನ ಕೂಸಿಗೆ ಬಟ್ಟೆ ಮತ್ತು ನೆರಳೇ ಸರಿ.

ಕ್ರೀಮಿನಿಂದಾಗದ್ದು

ಸುಟ್ಟಗಾಯದ ಕಲೆ ಮೊದಲ ತಿಂಗಳುಗಳಲ್ಲಿ ಕೆಂಪಾಗಿ, ಗಡುಸಾಗಿ, ಇನ್ನೂ ಉಬ್ಬಿ, ಆಮೇಲೆ ನಿಧಾನವಾಗಿ ಇಳಿದು ಬಣ್ಣ ತಿಳಿಯಾಗುತ್ತದೆ. ಇದಕ್ಕೆ ಒಂದರಿಂದ ಎರಡು ವರ್ಷ ಬೇಕು. ಮೂರನೆಯ ತಿಂಗಳಲ್ಲಿ ಕಲೆ ಉಬ್ಬುತ್ತಿರುವುದನ್ನು ಕಂಡು ಕ್ರೀಮ್ ಬದಲಾಯಿಸುತ್ತಾ ಹೋದವರಿಗೆ, ಕೊನೆಗೆ ತಾನಾಗಿ ಇಳಿಯುವ ಹೊತ್ತಿಗೆ ಕೈಯಲ್ಲಿದ್ದ ಟ್ಯೂಬೇ ಪವಾಡ ಮಾಡಿತೆಂದು ಅನಿಸುವುದು ಸಹಜ. ಆಳವಾಗಿ ಸುಟ್ಟು ಬಣ್ಣದ ಕೋಶಗಳೇ ಹೋಗಿದ್ದರೆ ಬಿಳಿಯ ಕಲೆಗೆ ಮೊದಲಿನ ಬಣ್ಣ ತರುವ ಎಲೆ ಯಾವುದೂ ಇಲ್ಲ.

ಉಬ್ಬುಕಲೆಗೆ ಗಿಡಮೂಲದ ಕ್ರೀಮಿಗಿಂತ ಸಿಲಿಕೋನ್ ಜೆಲ್ ಅಥವಾ ಹಾಳೆಗೆ ಹೆಚ್ಚು ಆಧಾರವಿದೆ. ಹಾಳೆಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು ಹೊತ್ತು, ಕನಿಷ್ಠ ಎರಡು ಮೂರು ತಿಂಗಳು ಇಡಬೇಕು. ಎರಡನ್ನೂ ಬಳಸುವವರು ತಿಕ್ಕುವ ಕ್ರೀಮನ್ನು ಬೇರೆ ಹೊತ್ತಿನಲ್ಲಿ ಹಚ್ಚಿ, ತೊಳೆದು ಒಣಗಿಸಿ ನಂತರ ಹಾಳೆ ಅಂಟಿಸಬೇಕು, ಜಿಡ್ಡಿನ ಮೇಲೆ ಅದು ನಿಲ್ಲುವುದಿಲ್ಲ. ದೊಡ್ಡ ಗಾಯಗಳಿಗೆ ಕಲೆಯನ್ನು ಬಿಗಿಯಾಗಿ ಒತ್ತಿಹಿಡಿಯುವ, ದಿನಕ್ಕೆ 23 ಗಂಟೆ ತೊಡುವ ಒತ್ತುಬಟ್ಟೆಯನ್ನು ಅಳತೆ ಕೊಟ್ಟು ಹೊಲಿಸಲು ಹೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚಿನ ನಿಗಾ ಬೇಕಾಗುವುದು ಬೆರಳು, ಮೊಣಕೈ, ಕಂಕುಳು, ಕುತ್ತಿಗೆ, ಮೊಣಕಾಲಿನ ಹಿಂಭಾಗದ ಕಲೆಗಳಿಗೆ. ಕಲೆ ಮುದುಡುತ್ತದೆ, ಮಗು ಬೆಳೆಯುತ್ತದೆ. ಎರಡರ ಎಳೆದಾಟದಲ್ಲಿ ಕೀಲು ಬಿಗಿದುಕೊಳ್ಳುತ್ತದೆ. ಇದನ್ನು ಯಾವ ಕ್ರೀಮೂ ತಡೆಯಲಾರದು. ದಿನವೂ ಆ ಕೀಲನ್ನು ಪೂರ್ತಿ ಚಾಚಿಸುವ ವ್ಯಾಯಾಮ, ರಾತ್ರಿ ಕಟ್ಟುವ ಪಟ್ಟಿ, ಫಿಸಿಯೋಥೆರಪಿ ಬೇಕು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಕೈ ಮೊದಲಿನಷ್ಟು ಚಾಚಲಾಗುತ್ತಿಲ್ಲ ಎಂದಾಗಲಿ, ಕಲೆ ಗಾಯದ ಅಂಚನ್ನು ದಾಟಿ ಹೊರಗೆ ಬೆಳೆಯುತ್ತಿದೆ ಎಂದಾಗಲಿ, ಬಿರಿದು ಕೀವು ಬರುತ್ತಿದೆ ಎಂದಾಗಲಿ ಕಂಡರೆ ಹಚ್ಚುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬು, ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಳ್ಳಿ, ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆದ ಫೋಟೋಗಳಿದ್ದರೆ ಅವನ್ನೂ ತೋರಿಸಿ; ಬಾಯಿಮಾತಿನ ವಿವರಣೆಗಿಂತ ಅವು ವೈದ್ಯರಿಗೆ ಹೆಚ್ಚು ತಿಳಿಸುತ್ತವೆ.